ನೀರಿನ ಟ್ಯಾಂಕಿಗೆ ಬಡ್ತಿ

ಸಮುದ್ರಕ್ಕೂ ಈ ಊರಿಗೂ ಯಾವ ಸಂಬಂಧವೂ ಇಲ್ಲ; ಆದಾಗ್ಯೂ ಹಡಗುಗಳಿಗೆ ದಾರಿ ತೋರಿಸುವ ದೀಪಸ್ತಂಭವೊಂದು ಊರ ಶಾಲೆಯ ಹಿಂದೆ ಇದೆಯೆಂಬುದು ಅಧಿಕೃತವಾಗಿ ದೃಢಪಟ್ಟಿದೆ.

ಶಿಕ್ಷಣ ಇಲಾಖೆಯವರು ‘ಕಥೆಯಿಂದ ಇಂಗ್ಲಿಷ್’ ಎಂಬ ಯೋಜನೆ ಹೊರಡಿಸಿದ್ದರು. ಪ್ರತಿ ಮಗುವೂ ಕೃತಕ ಬುದ್ಧಿಮತ್ತೆಯ ನೆರವಿನಿಂದ ಇಂಗ್ಲಿಷಿನಲ್ಲಿ ಒಂದು ಕಥೆ ಕಟ್ಟತಕ್ಕದ್ದು. ಕಥೆ ಕಡ್ಡಾಯವಾಗಿ ಮಗುವಿನ ಸ್ವಂತ ಅನುಭವದ್ದಾಗಿರತಕ್ಕದ್ದು. ಶಾಲೆಗಿದ್ದದ್ದು ಒಂದೇ ಕಂಪ್ಯೂಟರು, ಅದನ್ನು ಮಕ್ಕಳು ಮುಟ್ಟಿದರೆ ಕೆಡುತ್ತದೆಂದು ಹೆಡ್‌ಮಾಸ್ತರರ ನಂಬಿಕೆ. ಹಾಗಾಗಿ ಮಕ್ಕಳನ್ನು ಆಟಕ್ಕೆ ಬಿಟ್ಟು, ಇಂಗ್ಲಿಷ್ ಟೀಚರ್ ಒಬ್ಬರೇ ಕೂತು, ‘ನನ್ನ ತರಗತಿಯ ಮಕ್ಕಳ ಸ್ವಂತ ಅನುಭವಗಳನ್ನು ಬರೆದುಕೊಡು’ ಎಂದು ಯಂತ್ರವನ್ನು ಕೇಳಿಕೊಂಡರು. ಯಂತ್ರ ಒಲ್ಲೆ ಎನ್ನಲಿಲ್ಲ. ಲೋಟದ ಚಹಾ ಆರುವುದರೊಳಗೆ ಎಲ್ಲರ ಅನುಭವಗಳೂ ಬಂದು ಬಿದ್ದವು. ಎಲ್ಲದರಲ್ಲೂ ಒಂದು ಹಳೆಯ ದೀಪಸ್ತಂಭ, ಆರಿಹೋದ ದೀಪ, ಕಣ್ಣೀರಿಡುವ ಮುದಿ ಕಾವಲುಗಾರ.

ಟೀಚರಿಗೆ ಒಳಗೊಳಗೇ ಅಳುಕು. ಅವರದು ತಾತ್ಕಾಲಿಕ ನೌಕರಿ. ಯೋಜನೆ ಗೆದ್ದರೆ ಕಾಯಂ, ಸೋತರೆ ಮನೆ. ಮನೆಯಲ್ಲಿ ಕೆಲಸ ಬಿಟ್ಟು ಕೂತ ಗಂಡ, ಅದಕ್ಕೂ ಸೊಸೆಯನ್ನೇ ಬೈಯುವ ಅತ್ತೆ.

ಅಷ್ಟರಲ್ಲಿ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ ಒಂದು ಹಾಳೆ ಹಿಡಿದು ಬಂದಳು.

“ಮಿಸ್, ನಂದು ನಾನೇ ಬರ್ದಿದೀನಿ.”

“ಯಾರೇ ಹೇಳಿದ್ರು ನಿಂಗೆ ಬರಿ ಅಂತ?”

“ಯಾರೂ ಇಲ್ಲ ಮಿಸ್. ಸುಮ್ನೆ ಬಂತು.”

ಇಂಗ್ಲಿಷು ಹೆಜ್ಜೆಹೆಜ್ಜೆಗೂ ಕುಂಟುತ್ತಿತ್ತು. ಆದರೆ ಶಾಲೆಯ ಹಿಂದಿನ ನೀರಿನ ಟ್ಯಾಂಕು, ಕೊಡ ಹಿಡಿದು ನಿಂತ ಅಮ್ಮ, ನೀರು ಬರುವ ಮುಂಚೆ ನಲ್ಲಿ ಕೆಮ್ಮುವ ಸದ್ದು, ಎಲ್ಲ ಅದರಲ್ಲಿತ್ತು. ಟೀಚರ್ ಮತ್ತೊಮ್ಮೆ ಮೊದಲಿನಿಂದ ಓದಿದರು. ತಾನು ಕಲಿಸಿದ ಇಂಗ್ಲಿಷಿನಲ್ಲಿ ಒಂದು ಮಗು ನಿಜವಾಗಿ ಏನೋ ಹೇಳಿದ್ದು ಇದೇ ಮೊದಲು. ಆ ಹಾಳೆಯನ್ನೇ ಯಂತ್ರದ ಕಥೆಗಳ ಕಟ್ಟಿನ ಮೇಲಿಟ್ಟು ಇಲಾಖೆಗೆ ಕಳಿಸಿದರು.

ಮೇಲಿನ ಕಚೇರಿಯಲ್ಲಿ ಕಥೆ ಓದುವುದಕ್ಕೂ ಯಂತ್ರವೇ ನೇಮಕವಾಗಿತ್ತು. ಅದು ಸಾರಾಂಶ ತೆಗೆಯಿತು: ‘ಈ ಊರಿನ ದೀಪಸ್ತಂಭದ ದೀಪ ಆರಿದೆ. ಮಕ್ಕಳು ದುಃಖದಲ್ಲಿದ್ದಾರೆ.’ ಸ್ವಂತ ಅನುಭವ ಕಡ್ಡಾಯವಾಗಿದ್ದರಿಂದ ಸಂಶಯಕ್ಕೆ ಆಸ್ಪದವಿರಲಿಲ್ಲ. ಶಾಲೆಗೆ ಮೊದಲ ಬಹುಮಾನ ಬಂತು. ಜೊತೆಗೆ, ದೀಪ ಹಚ್ಚಲು ಇಲಾಖೆಯ ಸಾಹೇಬರೇ ಬರುತ್ತಾರೆಂಬ ಸುದ್ದಿಯೂ ಬಂತು.

“ಸಾರ್, ನಮ್ಮೂರಲ್ಲಿ ದೀಪಸ್ತಂಭ ಇಲ್ವಲ್ಲ!” ಎಂದರು ಟೀಚರ್.

ಹೆಡ್‌ಮಾಸ್ತರು ಸಾವಕಾಶವಾಗಿ ಕನ್ನಡಕ ಒರೆಸಿಕೊಂಡರು. “ಇಲ್ಲ ಅಂದ್ರೆ ಮಕ್ಕಳ ಅನುಭವ ಸುಳ್ಳು. ಅನುಭವ ಸುಳ್ಳಾದ್ರೆ ನಿಮ್ಮ ಕೆಲಸಾನೂ ಹೋಯ್ತು. ಎತ್ತರವಾಗಿರೋದು ಏನಾದ್ರೂ ಇದೆಯಾ, ನೋಡಿ.”

ಎತ್ತರವಾಗಿದ್ದದ್ದು ನೀರಿನ ಟ್ಯಾಂಕು ಮಾತ್ರ. ಅದಕ್ಕೆ ಕೆಂಪು ಬಿಳಿ ಪಟ್ಟೆ ಬಳಿಸಿದರು. ನೆತ್ತಿಯ ಮೇಲೆ ದೀಪ ಕೂರಿಸಿದರು. ದೀಪಸ್ತಂಭದಲ್ಲಿ ನೀರು ಸಂಗ್ರಹಿಸುವುದು ನಿಯಮಬಾಹಿರವಾದ್ದರಿಂದ ಒಳಗಿದ್ದ ನೀರನ್ನು ಚರಂಡಿಗೆ ಬಿಟ್ಟರು. ಸಾಹೇಬರು ಗುಂಡಿ ಒತ್ತಿ, “ಇನ್ನು ಯಾವ ಹಡಗೂ ದಾರಿ ತಪ್ಪುವುದಿಲ್ಲ” ಎಂದು ಘೋಷಿಸಿದರು. ಹೆಂಗಸರು ಖಾಲಿ ಕೊಡ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಅಂದಿನಿಂದ ಊರಿನಲ್ಲಿ ಒಂದೇ ಒಂದು ಹಡಗೂ ದಾರಿ ತಪ್ಪಿಲ್ಲವೆಂದು ಇಲಾಖೆ ಹೆಮ್ಮೆಯಿಂದ ಪ್ರಕಟಿಸಿದೆ.

ಗುಬ್ಬಿಯ ಹಾಳೆ ಮಾತ್ರ ಷರಾದೊಂದಿಗೆ ವಾಪಸಾಯಿತು: ‘ಸದರಿ ಊರಿನಲ್ಲಿ ನೀರಿನ ಟ್ಯಾಂಕು ಇರುವುದಿಲ್ಲ. ಸ್ವಂತ ಅನುಭವವಲ್ಲ. ಅನುತ್ತೀರ್ಣ.’

“ಮಿಸ್, ಟ್ಯಾಂಕು ಇತ್ತಲ್ವಾ? ನೀವೂ ನೋಡಿದೀರಲ್ವಾ?”

ಟೀಚರಿಗೆ ಕೆಲಸ ಕಾಯಂ ಆಗಿ ಇನ್ನೂ ವಾರವಾಗಿರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಕಿಟಕಿಯಾಚೆ ಪಟ್ಟೆಪಟ್ಟೆಯಾಗಿ ನಿಂತದ್ದನ್ನು ನೋಡುತ್ತ, “ಅದು ದೀಪಸ್ತಂಭ ಪುಟ್ಟಿ. ಇನ್ನೊಂದ್ಸಲ ಬರಿ,” ಎಂದರು.

ಗುಬ್ಬಿ ಜಾಣೆ, ಬರೆದಳು. ಈ ಸಲ ಒಂದೂ ತಪ್ಪಿರಲಿಲ್ಲ. ಹಳೆಯ ದೀಪಸ್ತಂಭವಿತ್ತು, ಕಣ್ಣೀರಿಡುವ ಕಾವಲುಗಾರನಿದ್ದ. ಕೊಡ ಹಿಡಿದ ಅಮ್ಮನೂ ಇದ್ದಳು; ಆದರೆ ಅವಳೀಗ ಹಡಗಿಗೆ ಕಾಯುತ್ತಿದ್ದಳು. ಪೂರ್ತಿ ಅಂಕ ಬಂತು.

ಊರ ಹೆಂಗಸರು ಅಭ್ಯಾಸಬಲದಿಂದ ಈಗಲೂ ಸಂಜೆ ಅಲ್ಲಿ ಕೊಡ ಇಟ್ಟುಕೊಂಡು ಸಾಲು ನಿಲ್ಲುತ್ತಾರೆ. ಶಾಲೆ ಮುಗಿಸಿ ಟೀಚರೂ ತಮ್ಮ ಕೊಡ ತಂದು ಕೊನೆಯಲ್ಲಿ ನಿಲ್ಲುತ್ತಾರೆ. ದಾರಿಹೋಕರು ಯಾಕೆಂದು ಕೇಳಿದರೆ ಸಾಲಿನಲ್ಲಿದ್ದವರು, “ಹಡಗು ಇವತ್ತೂ ಸ್ವಲ್ಪ ತಡ,” ಎನ್ನುತ್ತಾರೆ.