ಒಂದು ಮಾತೂ ಬಿಡದ ಟಿಪ್ಪಣಿ

ಹೆಂಡತಿ: ಎಲ್ಲ ಬಿಟ್ಟು ‘ಹಿಂದೆ ಕೂತವರಿಗೆ ಕೇಳಿಸ್ತಿದೆಯಾ’ ಅಂತ ಯಾಕ್ರೀ ಬರ್ಕೊಂಡು ಬಂದ್ರಿ?

ಗಂಡ: ಒಂದು ಮಾತೂ ಬಿಡಬೇಡಿ ಅಂದವಳು ನೀನೇ ತಾನೇ?

ಹೆಂಡತಿ ತುಂಬು ಬಸುರಿ, ಮೆಟ್ಟಿಲು ಹತ್ತುವಂತಿಲ್ಲ. ಹಾಗಾಗಿ ಆಸ್ಪತ್ರೆಯ ಮಹಡಿಯಲ್ಲಿ ಚೊಚ್ಚಲ ಹೆರಿಗೆಯವರಿಗೆಂದು ಇಟ್ಟಿದ್ದ ಉಪನ್ಯಾಸಕ್ಕೆ, ಟೈಲರ್ ಅಂಗಡಿಗೆ ಬಾಗಿಲು ಹಾಕಿ ಗಂಡನೊಬ್ಬನೇ ಹೋಗಿ ಈಗಷ್ಟೇ ಬಂದಿದ್ದ.

ಹೆಂಡತಿ: ಇದೇನಿದು, ‘ಮ. ಅತ್ತರೆ ಎ.’?

ಗಂಡ: ಬೇಗ ಬರೆಯೋಕೆ ಚುಟುಕು ಮಾಡ್ದೆ. ಮಗು ಅತ್ತರೆ... ಎತ್ತಿಕೊಳ್ಳಿ. ಅಲ್ಲ, ಎಣ್ಣೆ ಹಚ್ಚಿ?

ಹೆಂಡತಿ: ‘ಎದ್ದು ಓಡಿ’ ಅಂತಿರ್ಬೇಕು. ನಿಮಗೆ ಅದೇ ಸಲೀಸು! ಹೋಗ್ಲಿ, ನೋವು ಶುರುವಾದ್ರೆ ಆಸ್ಪತ್ರೆಗೆ ಯಾವಾಗ ಹೊರಡ್ಬೇಕು? ಅದನ್ನ ಓದಿ.

ಗಂಡ: (ಗಂಟಲು ಸರಿಮಾಡಿಕೊಂಡು) ‘ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ ಹೇಳ್ತೀನಿ, ಗಮನ ಇಟ್ಟು ಕೇಳಿ.’

ಹೆಂಡತಿ: ಆಮೇಲೆ?

ಗಂಡ: ಅಷ್ಟೇ. ಇದನ್ನ ಬರೆದು ತಲೆ ಎತ್ತೋಷ್ಟರಲ್ಲಿ ಎಲ್ರೂ ಚಪ್ಪಾಳೆ ಹೊಡೀತಿದ್ರು.

ಹೆಂಡತಿ: ಅಯ್ಯೋ ನನ್ನ ಕರ್ಮವೇ! ಅಂಗಡಿಗೆ ಬಂದ ಗಿರಾಕಿ ತಾನು ಬಟ್ಟೆ ಕೊಂಡ ಕತೆ, ತನ್ನ ಅತ್ತಿಗೆ ಆಡಿದ ಮಾತು ಅಂತ ಎಲ್ಲ ಪುರಾಣ ಬಿಚ್ಚಿದ್ರೆ ಪೂರ್ತಿ ಬರ್ಕೋತೀರಾ?

ಗಂಡ: ಛೆ, ಛೆ. ಅಳತೆ ಮಾತ್ರ.

ಹೆಂಡತಿ: ಇಲ್ಲೂ ಹಾಗೇ ಕಣ್ರೀ! ಮೊದಲು ಕಿವಿಗೊಟ್ಟು ಕೇಳ್ಬೇಕು. ಅರ್ಥ ಆದ್ಮೇಲೆ ಬೇಕಾದ್ದಷ್ಟೇ ನಿಮ್ಮ ಮಾತಲ್ಲಿ ಬರೀಬೇಕು. ತಿಳೀದೇ ಇದ್ರೆ ಜಾಗ ಬಿಟ್ಟು, ಕೊನೇಲಿ ಕೇಳ್ಬೇಕು.

ಗಂಡ ಪೆಚ್ಚಾಗಿ ಆಸ್ಪತ್ರೆಗೆ ಫೋನ್ ಮಾಡಿದ. ನರ್ಸ್ ಹೇಳುತ್ತಿದ್ದರೆ ಸುಮ್ಮನೆ ಕೇಳಿದ, ಒಂದೆರಡು ಪ್ರಶ್ನೆ ಹಾಕಿದ, ಆಮೇಲೆ ಪೆನ್ನು ಹಿಡಿದ.

ಗಂಡ: ನೋಡು, ಎರಡೇ ಸಾಲು! ‘ನೋವು ಹತ್ತಿರ ಹತ್ತಿರ ಬಂದರೆ ಹೊರಡಿ. ನೀರು ಹೋದರೆ ತಕ್ಷಣ.’

ಹೆಂಡತಿ: (ಮೇಜಿನ ಅಂಚು ಹಿಡಿದು) ಬರ್ತಿದೆ.

ಗಂಡ: ಏನು?

ಹೆಂಡತಿ: ನೋವು ಕಣ್ರೀ! ಬೆಳಿಗ್ಗೆಯಿಂದ!

ಗಂಡ: ಬೆಳಿಗ್ಗೆಯಿಂದ? ಹೇಳ್ಬಾರ್ದಿತ್ತಾ?

ಹೆಂಡತಿ: ಯಾವಾಗ ಹೇಳ್ಬೇಕು ಅಂತ ತಿಳ್ಕೊಂಡು ಬರೋಕೇ ಅಲ್ವಾ ನಿಮ್ಮನ್ನ ಕಳಿಸಿದ್ದು!

ಪಕ್ಕದ ಮನೆಯವರ ಕಾರು ಸಿಕ್ಕಿತು. ಸಂಜೆಯ ಹೊತ್ತಿಗೆ ಹೆರಿಗೆಯೂ ಸುಸೂತ್ರವಾಯಿತು. ನರ್ಸ್ ಹೊರಗೆ ಬಂದು ಹಾಲು, ಸ್ನಾನ, ಲಸಿಕೆ ಎಂದು ಒಂದೊಂದಾಗಿ ಹೇಳತೊಡಗಿದರು. ಗಂಡ ಪೆನ್ನು ಮುಟ್ಟಲಿಲ್ಲ. ಕಣ್ಣು ತುಂಬಿಕೊಂಡು ತಲೆಯಾಡಿಸುತ್ತ ನಿಂತಿದ್ದ.

ನರ್ಸ್: ಎಲ್ಲ ಅರ್ಥ ಆಯ್ತಾ? ಏನಾದ್ರೂ ಕೇಳೋದಿದೆಯಾ?

ಗಂಡ: ಒಂದೇ ಒಂದು, ಸಿಸ್ಟರ್. ಮಗು ಗಂಡೋ, ಹೆಣ್ಣೋ?

ನರ್ಸ್: ರೀ ಸ್ವಾಮಿ, ನಾನು ಬಂದ ತಕ್ಷಣ ಮೊದಲು ಹೇಳಿದ್ದೇ ಅದನ್ನ!