ಎರಡು ತಾಸು, ನಡುವೆ ಬೀಗರು

ನಮ್ಮ ಮಾವನವರಿಗೆ ಒಳ್ಳೆಯ ಹವೆ ಕಂಡರೆ ಆಗುವುದಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ತೆರೆದಾಗ ಎಳೆ ಬಿಸಿಲು, ತಿಳಿ ಆಕಾಶ, ತಂಪು ಗಾಳಿ ಕಂಡವೋ, ಮುಖ ಹುಳಿ ಮಜ್ಜಿಗೆ ಕುಡಿದಂತಾಗುತ್ತದೆ. "ಥೋ, ಇವತ್ತೂ ಹವಾ ಚೊಲೋ ಐತಲ್ಲ!" ಎಂದು ಮತ್ತೆ ಹಾಸಿಗೆಗೆ. ಅದೇ ನಮ್ಮ ಬಡಾವಣೆ ಜಲನಗರದ ತಗಡುಗಳೆಲ್ಲ ಧಡಧಡ ಬಡಿದುಕೊಳ್ಳುವಂಥ ಗಾಳಿ ಬೀಸಲಿ, ಆಕಾಶ ಕಪ್ಪಿಡಲಿ, ನಾನು ಒಣಹಾಕಿದ ಸೀರೆ ಹಾರಿ ಪಕ್ಕದ ಮನೆಯ ಮಾಳಿಗೆ ಸೇರಲಿ, ಮಾವನವರು ಹಾಡು ಗುನುಗುತ್ತ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿರುತ್ತಾರೆ!

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಹೆದರಿ ಅತ್ತೆಯವರನ್ನು ಕೇಳಿದ್ದೆ: "ಅತ್ತಿ, ಮಾವಾರಿಗೆ ಆರಾಮ ಇಲ್ಲೇನ್ರಿ?"

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದರು: "ಆರಾಮ ಐತವಾ, ಅದಕ್ಕ ಹಿಂಗ ಮಾಡ್ತಾರ. ಜ್ವರಾ ಬಂದಾಗ ಭಾಳ ಶ್ಯಾಣ್ಯಾರಿರ್ತಾರ."

ನೌಕರಿಯಿಂದ ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಪೇಪರು ಓದುತ್ತಾರೆ, ಸೊಸೆಯ ಚಹಾದಲ್ಲಿ ಸಕ್ಕರೆ ಕಡಿಮೆ ಎನ್ನುತ್ತಾರೆ. ನಮ್ಮ ಮಾವನವರು ಸೈಕಲ್ಲನ್ನೂ ತಂದರು. ಊರಿನಲ್ಲಿ ಒಂಬತ್ತು ಜನರ ಒಂದು ಸೈಕಲ್ ಕ್ಲಬ್ ಇತ್ತು, ಅದಕ್ಕೆ ಸೇರಿದರು. ವಯಸ್ಸಿನಲ್ಲಿ ಹಿರಿಯರು, ಎರಡು ದಿನ ಬಂದು ಬಿಟ್ಟಾರು ಎಂದು ಕ್ಲಬ್ಬಿನವರು ಮರ್ಯಾದೆಗೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಅವರು ಬಿಡಲಿಲ್ಲ. ತಿಂಗಳಿಗೊಮ್ಮೆ ಟೈಮ್ ಟ್ರಯಲ್ ನಡೆಸಬೇಕೆಂದು ಹುಕುಂ ಹೊರಡಿಸಿದರು. ಟೈಮ್ ಟ್ರಯಲ್ ಎಂದರೆ ಎಲ್ಲರೂ ಒಮ್ಮೆಲೇ ನುಗ್ಗುವ ರೇಸ್ ಅಲ್ಲ. ಎರಡೆರಡು ನಿಮಿಷಕ್ಕೆ ಒಬ್ಬೊಬ್ಬರನ್ನೇ ಬಿಡುತ್ತಾರೆ. ಪಕ್ಕದವನ ಜೊತೆ ಜಗಳವಿಲ್ಲ, ಗಡಿಯಾರದ ಜೊತೆಗಷ್ಟೇ ಜಗಳ. ಅಥಣಿ ರಸ್ತೆಯಲ್ಲಿ ಊರು ಮುಗಿಯುವಲ್ಲಿ ಸುಣ್ಣದ ಗೆರೆ. ಅಲ್ಲಿಂದ ಟಿಕೋಟಾಕ್ಕೆ ಹೋಗಿ, ತಿರುಗಿ, ಅದೇ ಗೆರೆಗೆ ಬರಬೇಕು.

ಟ್ರಯಲ್ಲಿನ ದಿನವನ್ನು ಆರಿಸುವವರೂ ಅಧ್ಯಕ್ಷರೇ. ಮೊಬೈಲಿನಲ್ಲಿ ಹವಾಮಾನ ನೋಡಿ, ಯಾವ ರವಿವಾರದ ಕೆಳಗೆ ಮೋಡ, ಮಿಂಚು, ಗಾಳಿಯ ಚಿತ್ರ ಇದೆಯೋ ಅದಕ್ಕೆ ಬೆರಳಿಡುವರು. ಯಾರಾದರೂ ಕುಂಯ್ ಎಂದರೆ ಒಂದೇ ಉತ್ತರ: "ಚೊಲೋ ಹವಾದಾಗ ಹೊಡದ್ರ ಅದು ಹವಾದ ಟೈಮ್ ಆತೋ ಮಾರಾಯಾ, ನಿಂದಲ್ಲ!"

ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹಾಗಾಗಿ ಸ್ಟಾಪ್‌ವಾಚು ನನ್ನ ಕೊರಳಿಗೆ ಬಿತ್ತು. "ಮಾವ ಅಂತ ಒಂದ ಸೆಕೆಂಡ್ ಬಿಡಬ್ಯಾಡ ಯವ್ವಾ" ಎಂದರು ಅವರು. ನಾನೇಕೆ ಬಿಡಲಿ? ಅರ್ಧ ಮಾರ್ಕಿಗೆ ಮಕ್ಕಳನ್ನು ಅಳಿಸಿದ ಕೈ ಇದು.

ಮಾವನವರ ಆಸೆ ಒಂದೇ: ಟಿಕೋಟಾಕ್ಕೆ ಹೋಗಿ ಬರಲು ಎರಡು ತಾಸಿನೊಳಗಿನ ಟೈಮು. ಕಾಲಿನಲ್ಲಿ ಕಸುವಿತ್ತು, ಎದೆಯಲ್ಲಿ ಹುಮ್ಮಸ್ಸಿತ್ತು. ಅಡ್ಡ ಬಂದದ್ದು ಗಾಳಿಯಲ್ಲ, ಮಳೆಯಲ್ಲ. ಅಡ್ಡ ಬಂದವರು ನನ್ನ ಅಪ್ಪ!

ನನ್ನ ತವರುಮನೆ ಟಿಕೋಟಾ. ಮನೆ ರಸ್ತೆಗೇ ಇದೆ, ಸೈಕಲ್ಲಿನವರು ತಿರುಗುವ ಜಾಗಕ್ಕಿಂತ ನಾಲ್ಕೇ ಮಾರು ಹಿಂದೆ. ಈಗ ನೀವೇ ಹೇಳಿ, ಮಗಳನ್ನು ಕೊಟ್ಟ ಮನೆಯ ಬೀಗರು ಬಾಗಿಲ ಮುಂದೆ ಹಾದು ಹೋಗುವಾಗ ನಮ್ಮ ಕಡೆ ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಮೊದಲ ಟ್ರಯಲ್ಲಿನ ದಿನವೇ ಅಪ್ಪ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಟ್ಟನಡು ರಸ್ತೆಯಲ್ಲಿ ನಿಂತುಬಿಟ್ಟರು. ಮುಂದೆ ಹೋಗುತ್ತಿದ್ದ ಸವಾರನೊಬ್ಬ, ಬೆಳಗಿನ ಹೊತ್ತು ತಂಬಿಗೆ ಹಿಡಿದ ಹಿರಿಯರು ಹೊಲದ ಕಡೆ ಹೊರಟಿದ್ದಾರೆಂದು ತಿಳಿದು ಮುಖ ತಿರುಗಿಸಿಕೊಂಡು ಹೋದನಂತೆ.

"ಬರ್ರಿ ಬೀಗರ, ಕಾಲಿಗಿ ನೀರ ತಗೋರಿ!"

"ರೇಸ್ ಐತ್ರೀ ಬೀಗರ!"

"ರೇಸ್ ಎಲ್ಲಿಗಿ ಹೋಗ್ತೈತ್ರಿ? ಚಾ ಆರ್ತೈತಿ."

ಚಹಾ ಎಂದರೆ ಬರೀ ಚಹಾ ಅಲ್ಲ. ಮೊದಲು ಚುರುಮುರಿ ಸುಸಲಾ, ಅದರ ಮೇಲೆ ಮಿರ್ಚಿ, "ಬಾಯಿ ಖಾರಾತು" ಎಂದು ಶೇಂಗಾ ಹೋಳಿಗೆ, ಹೋಳಿಗೆಗೆ ತುಪ್ಪ, ಕೊನೆಗೆ ಚಹಾ. ಹೊರಡುವಾಗ ನಮ್ಮ ತೋಟದ ಒಣದ್ರಾಕ್ಷಿ ಎರಡು ಕಿಲೋ, ಹ್ಯಾಂಡಲಿಗೆ ಕಟ್ಟಿ. ಆ ದಿನ ಮಾವನವರು ಗೆರೆ ದಾಟಿದಾಗ ಮೂರು ತಾಸು ಹತ್ತು ನಿಮಿಷ ಆಗಿತ್ತು; ತೇಗು ಮಾತ್ರ ಎರಡು ತಾಸಿನದು!

ಇದು ಅನ್ಯಾಯ ಎಂದು ಅಧ್ಯಕ್ಷರು ಸಭೆ ಕರೆದರು. ಬಹಳ ಚರ್ಚೆಯಾಗಿ ಒಂದು ನಿಯಮ ಬಂತು. ಹೆಸರು 'ಬೀಗರ ಕಡಿತ'. ದಾರಿಯಲ್ಲಿ ನೆಂಟರು ಹಿಡಿದು ಕೂರಿಸಿದರೆ, ಕೂತ ವೇಳೆಯನ್ನು ಒಟ್ಟು ಟೈಮಿನಲ್ಲಿ ಕಡಿಯುವುದು. ಅಪ್ಪನಿಗೆ ಫೋನ್ ಮಾಡುವ ಕೆಲಸ ನನಗೆ ಬಿತ್ತು. "ಕೂತದ್ದು ಏಳು ನಲವತ್ತಕ್ಕ, ಎದ್ದದ್ದು ಎಂಟೂವರಿಗೆ. ಹೋಳಿಗಿ ನಾಲ್ಕ ಹಾಕಿದ್ವಿ, ಎರಡ ಉಳಿಸ್ಯಾರ" ಎಂದು ಅಪ್ಪ ಪೂರ್ತಿ ವರದಿ ಕೊಡುತ್ತಿದ್ದರು.

ಜಗತ್ತಿನ ಬೇರೆ ಯಾವ ಸೈಕಲ್ ಕ್ಲಬ್ಬಿನಲ್ಲಾದರೂ ಇಂಥ ನಿಯಮ ಇದೆಯೇ? ಇದ್ದಿದ್ದರೆ ಅಲ್ಲಿಯೂ ಸೊಲ್ಲಾಪುರ ರಸ್ತೆಯ ಟಾಯರ್ ಅಂಗಡಿಯ ನಮ್ಮ ಕ್ಲಬ್ಬಿನ ಸಾವಕಾರರಂಥವರು ಹುಟ್ಟುತ್ತಿದ್ದರು. ಅವರ ಅಕ್ಕನ ಮನೆಯೂ ಟಿಕೋಟಾದಲ್ಲಿದೆ. ನಿಯಮ ಬಂದ ಮರುತಿಂಗಳೇ ಅಕ್ಕನ ಮನೆಗೆ ಹೋದರು, ಸಜ್ಜೆ ರೊಟ್ಟಿ ಎಣ್ಣೆಗಾಯಿ ಹೊಡೆದರು, ಮೇಲೆ ಮೊಸರು, ಮೂರು ತಾಸು ಗಡದ್ದಾಗಿ ನಿದ್ದೆ. ಎದ್ದು, ತಾಜಾ ಕಾಲಿನಲ್ಲಿ, ಬೆನ್ನ ಗಾಳಿಗೆ ಹಾರಿಬಂದರು. ಕಡಿತ ಹಾಕಿ ನೋಡಿದರೆ ಒಂದು ತಾಸು ಮೂವತ್ತೆಂಟು ನಿಮಿಷ! ನಮ್ಮ ಕ್ಲಬ್ಬಿನ ದಾಖಲೆ ಇವತ್ತಿಗೂ ಉಂಡು ಮಲಗಿ ಬಂದವರ ಹೆಸರಿನಲ್ಲೇ ಇದೆ.

ಮಾವನವರು ಕೆಂಡವಾದರು. ಟಿಕೋಟಾವೇ ಬೇಡ, ಬಬಲೇಶ್ವರಕ್ಕೆ ಹೋಗೋಣ, ಅಲ್ಲಿ ನಮಗ್ಯಾರೂ ನೆಂಟರಿಲ್ಲ ಎಂದರು. ಹೋದದ್ದು ಜಡಿಮಳೆಯ ಮರುದಿನ. ದಾರಿಯಲ್ಲಿ ಸೇತುವೆಯ ರಿಪೇರಿ ನಡೆದಿತ್ತು, ಬಗಲಿನ ಹೊಲದಲ್ಲಿ ಕಚ್ಚಾ ದಾರಿ ಮಾಡಿದ್ದರು. ನಮ್ಮ ಎರೆ ಮಣ್ಣು ಗೊತ್ತಲ್ಲ? ಒಣಗಿದರೆ ಕಲ್ಲು, ನೆನೆದರೆ ಅಂಟು. ಹತ್ತು ಹೆಜ್ಜೆಗೆ ಗಾಲಿ ತುಂಬಿ, ಬ್ರೇಕು ತುಂಬಿ, ಸೈಕಲ್ಲು ನಿಂತಲ್ಲೇ ನಿಂತಿತು. ಮಾವನವರು ಅದನ್ನು ಹೆಗಲ ಮೇಲೆ ಹೊತ್ತು ನಡೆದರು. ಎದುರು ಬಂದ ಒಬ್ಬ ಮುದುಕಿ ಕೇಳಿದಳಂತೆ:

"ಯಪ್ಪಾ, ಅದು ನಿನ್ನ ಒಯ್ಯಬೇಕೋ, ನೀ ಅದನ್ನ ಒಯ್ಯಬೇಕೋ?"

"ಪಾಳಿ ಹಚ್ಚೇವಬೇ" ಎಂದರಂತೆ ಇವರು. ಅಷ್ಟಾದರೂ ಬಬಲೇಶ್ವರದ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಆದರೆ ಆರು ತಿಂಗಳಾಗುವುದರೊಳಗೆ ಅವರ ತಮ್ಮನ ಮಗನಿಗೆ ಹೆಣ್ಣು ಗೊತ್ತಾಯಿತು. ಎಲ್ಲಿಯ ಹೆಣ್ಣು? ಬಬಲೇಶ್ವರದ್ದೇ! ಅಕ್ಷತೆ ಹಾಕಿ ಬಂದ ಮಾವನವರು ನನ್ನ ಹತ್ತಿರ ನಿಟ್ಟುಸಿರುಬಿಟ್ಟರು: "ಮುಗೀತಬೇ ಯವ್ವಾ. ಅಲ್ಲೀನೂ ತಂಬಿಗಿ ಬಂತು." ಮತ್ತೆ ಟಿಕೋಟಾಕ್ಕೇ ಹಾದಿ ಹಿಡಿದರು.

ಕಡಿತ ಹಾಕಿದರೆ ಅವರ ಟೈಮು ಎರಡು ತಾಸಿನೊಳಗೇ ಬರುತ್ತಿತ್ತು. ಆದರೆ ಟಾಯರ್ ಸಾವಕಾರರು ಬಿಡಬೇಕಲ್ಲ! "ಅಧ್ಯಕ್ಷರದು ಕಾಲಿನ ಬಲ ಅಲ್ರಿ, ಹೋಳಿಗಿ ಬಲ" ಎನ್ನುವರು. ಮಾವನವರಿಗೆ ಅದು ನಾಟಿಬಿಟ್ಟಿತ್ತು. ಒಂದೇ ಒಂದು ಸಲ, ಕಡಿತವಿಲ್ಲದ ಎರಡು ತಾಸು ಬೇಕು ಎಂದು ಹಟ ಹಿಡಿದರು. ಹೊತ್ತೂ ಉಳಿದಿರಲಿಲ್ಲ. ಮೊಣಕಾಲು ಸವೆದಿವೆ, ಶ್ರಾವಣದಲ್ಲಿ ಎರಡಕ್ಕೂ ಆಪರೇಶನ್ನು, ಆಮೇಲೆ ಇಂಥ ಹುಚ್ಚಾಟ ಪೂರ್ತಿ ಬಂದ್ ಎಂದು ಡಾಕ್ಟರು ಹೇಳಿದ್ದರು. ಹೋದ ವರ್ಷದ ಆಷಾಢದ ಟ್ರಯಲ್ಲೇ ಕೊನೆಯದು. ಮಾತಿನ ಮಲ್ಲ ಮಾವನವರು ಆ ವಾರ ಚಹಾದ ಸಕ್ಕರೆಯ ಬಗ್ಗೆಯೂ ಮಾತಾಡಲಿಲ್ಲ. ನೋಡಿ ನನಗೆ ಕೆಡುಕೆನಿಸಿತು. ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ಈ ರವಿವಾರ ಮಾವಾರನ್ನ ನಿಂದರಸಬ್ಯಾಡ."

"ಅಯ್ಯ! ಬೀಗರು ಹಂಗ ಹಾದು ಹ್ವಾದ್ರ ಓಣ್ಯಾಗ ನನ್ನ ಮಾರಿ ಎಲ್ಲಿ ಇಡಲಿ?"

"ಮನಿಯೊಳಗ ಇಡು. ಬಾಗಲಾ ಹಾಕ್ಕೊಂಡು ಕುಂಡರು. ಯಾರು ಕರದ್ರೂ ತಗೀಬ್ಯಾಡ, ಫೋನೂ ಎತ್ತಬ್ಯಾಡ. ನನ್ನ ಆಣಿ ಮಾಡು."

ಹಲ್ಲು ಕೀಳಿಸಿಕೊಳ್ಳುವವರಂತೆ ಅಪ್ಪ ಆಣೆ ಮಾಡಿದರು.

ರವಿವಾರ ಹವೆ ಅಧ್ಯಕ್ಷರಿಗೆ ಒಪ್ಪುವಂತೆಯೇ ಇತ್ತು. ಪಡುವಣ ಗಾಳಿ ಮೈಯನ್ನು ಹಿಂದಕ್ಕೆ ತಳ್ಳುತ್ತಿತ್ತು, ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಆರೂವರೆಗೆ ಮಾವನವರನ್ನು ಬಿಟ್ಟೆ. ಪಂಕ್ಚರ್ ಅಂಗಡಿಯ ತಗಡಿನ ಕೆಳಗೆ ನಿಂತು ಕಾದೆ. ಒಬ್ಬೊಬ್ಬರೇ ಬಂದರು. ಎರಡು ತಾಸಾಯಿತು. ಎರಡೂವರೆಯಾಯಿತು. ಮಾವನವರ ಸುಳಿವಿಲ್ಲ.

"ಬೀಗರ ಹಿಡದಿರಬೇಕು ಬಿಡ್ರಿ ಟೀಚರ" ಎಂದರು ಟಾಯರ್ ಸಾವಕಾರರು.

"ಇಲ್ರಿ, ಆಣಿ ಮಾಡ್ಯಾರ" ಎಂದೆ. ಅಪ್ಪ ಹಿಡಿದಿಲ್ಲ ಎಂದ ಮೇಲೆ ಮತ್ತೇನು ಹಿಡಿಯಿತು? ಲಾರಿಗಳ ರಸ್ತೆ, ಮಳೆ, ಸವೆದ ಮೊಣಕಾಲು. ಮಾವನವರಿಗೆ ಹಚ್ಚಿದರೆ ಫೋನ್ ಸತ್ತಿತ್ತು. ಅಪ್ಪನಿಗೆ ಹಚ್ಚಿದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಎತ್ತಬೇಡ ಎಂದವಳು ನಾನೇ ಅಲ್ಲವೇ!

ಮೂರು ತಾಸು ದಾಟಿದ ಮೇಲೆ ಮಳೆಯೊಳಗಿಂದ ಮಾವನವರು ಬಂದರು. ಮೈಯೆಲ್ಲ ತೊಪ್ಪೆ. ಮೊಣಕೈ ತರಚಿದೆ, ಚಡ್ಡಿ ಮುಳ್ಳಿಗೆ ಹರಿದಿದೆ. ನಾನು ಓಡಿಹೋಗಿ ಸೈಕಲ್ ಹಿಡಿದೆ. "ಬಿದ್ರೇನ್ರಿ ಮಾವಾರ?"

"ಬಿದ್ದದ್ದು ಖರೆ. ಸೈಕಲ್ ಮ್ಯಾಲಿಂದಲ್ಲ, ನಿಮ್ಮಪ್ಪನ ಹಿತ್ತಲ ಗ್ವಾಡಿ ಮ್ಯಾಲಿಂದ!"

ಆದದ್ದು ಇಷ್ಟು. ಎದುರು ಗಾಳಿಯಲ್ಲೂ ಅವರು ಒಂದು ತಾಸು ಐದು ನಿಮಿಷಕ್ಕೆ ಟಿಕೋಟಾ ಮುಟ್ಟಿದ್ದರು. ಬರುವಾಗ ಬೆನ್ನ ಗಾಳಿ. ಎರಡು ತಾಸು ಕಿಸೆಯಲ್ಲಿ ಬಿದ್ದಂತೆಯೇ. ಆದರೆ ರಸ್ತೆಯಲ್ಲಿ ಬೀಗರಿಲ್ಲ, ತಂಬಿಗೆಯಿಲ್ಲ, ಬಾಗಿಲು ಮುಚ್ಚಿದೆ! ತಿರುಗಿ ನೂರು ಮಾರು ಬಂದರಂತೆ. ಮನಸ್ಸು ತಡೆಯದೆ ವಾಪಸ್ಸು ಹೋಗಿ ಬಾಗಿಲು ಬಡಿದರು. ಹೊರಗೆ ಎರಡು ಜೊತೆ ಚಪ್ಪಲಿ, ಒಳಗಿನಿಂದ ಚಿಲಕ, ಉತ್ತರವಿಲ್ಲ. ಫೋನ್ ಒಳಗೇ ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ. ಅಷ್ಟರಲ್ಲಿ ಇವರ ಮೊಬೈಲಿಗೆ ಮಳೆನೀರು ಹೊಕ್ಕಿತು. ಮತ್ತೇನು ಮಾಡುವುದು? ಆ ಮೊಣಕಾಲಿನಲ್ಲಿ ಹಿತ್ತಲ ಗೋಡೆ ಹತ್ತಿ, ಜಾಲಿಕಂಟಿಯ ಮೇಲೆ ಬಿದ್ದು, ಕುಂಟುತ್ತ ಒಳಗೆ ಹೋದರೆ, ಅಡುಗೆಮನೆಯ ಮೂಲೆಯಲ್ಲಿ ಅಪ್ಪ ಕುಳಿತಿದ್ದಾರೆ, ಅವ್ವನ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು!

"ಬೀಗರ, ಹೋಗ್ರಿ ಹೋಗ್ರಿ! ಮಗಳ ಆಣಿ ಐತಿ! ನಾ ಏನೂ ನಿಮ್ಮನ್ನ ನಿಂದರಸಿಲ್ಲ!" ಎಂದು ಕೂಗಿದರಂತೆ ಅಪ್ಪ. ಒಂದು ಗಳಿಗೆ ಬಿಟ್ಟು, "ಹ್ಯಾಂಗೂ ಒಳಗ ಬಂದೀರಿ, ಚಾ ಕುಡದ ಹೋಗ್ರಿ" ಎಂದರಂತೆ.

ಕ್ಲಬ್ಬಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಹೆದರಿಕೆ ಇಳಿದು ಸಿಟ್ಟು ಏರಿತು.

"ಎರಡು ತಾಸು ಕೈಯಾಗಿತ್ತಲ್ರಿ ಮಾವಾರ! ಇನ್ನ ಮ್ಯಾಲ ಹೊಡ್ಯಾಕ ಬರೂದಿಲ್ಲ ಅಂತ ಗೊತ್ತಿತ್ತಲ್ರಿ! ಬಾಗಲಾ ಹಾಕಿದ್ರ ಹಾಕ್ಲಿ, ನೀವು ಸುಮ್ಮ ಬರೂದಲ್ಲೇನು?"

ಮಾವನವರು ಟಾವೆಲ್ಲಿನಿಂದ ಮುಖ ಒರೆಸಿಕೊಂಡರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅವತ್ತೇ ಕೇಳಿದ್ದು.

"ಬರಾಕ ಬರ್ತಿತ್ತವಾ. ಬಂದು ಗೆರಿನೂ ದಾಟತಿದ್ದೆ. ಇಲ್ಲಿ ನೀ ನಿಂತಿರ್ತಿ. ಪ್ರತಿ ಸಲ ನನ್ನ ಟೈಮ್ ಹೇಳೂಕಿಂತ ಮೊದಲ ನೀ ಕೇಳೂದು, 'ಅಪ್ಪ ಹ್ಯಾಂಗದಾನ್ರಿ' ಅಂತ. ಇವತ್ತ ನಾ ಏನ ಹೇಳಬೇಕಿತ್ತು?"

ನಾನು ಹಾಗೆ ಕೇಳುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಏಳು ವರ್ಷ. ಮಾವನವರು ಟಿಕೋಟಾಕ್ಕೆ ಸೈಕಲ್ ಹೊಡೆಯುತ್ತಿದ್ದಾರೆ ಎಂದುಕೊಂಡಿದ್ದೆ, ನನ್ನ ತವರಿನ ಸುದ್ದಿಯನ್ನು ನನಗೆ ತಂದುಕೊಡುತ್ತಿದ್ದಾರೆ ಎಂದು ಹೊಳೆದಿರಲಿಲ್ಲ. ಕಣ್ಣು ತುಂಬಿ ಬಂದವು. ಮಳೆಯಿತ್ತು, ಯಾರಿಗೂ ಕಾಣಲಿಲ್ಲ.

"ಟೀಚರ, ಅಧ್ಯಕ್ಷರ ಟೈಮ್ ಎಷ್ಟು ಬರಕೊಳ್ಳಲ್ರಿ?" ಎಂದು ಸಾವಕಾರರು ಕೇಳಿದಾಗ ಕೊರಳಲ್ಲಿದ್ದ ಸ್ಟಾಪ್‌ವಾಚು ನೋಡಿದೆ. ಮಾವನವರು ಗೆರೆ ದಾಟಿದಾಗ ಗುಂಡಿ ಒತ್ತುವುದನ್ನೇ ಮರೆತಿದ್ದೆ. ಗಡಿಯಾರ ಇನ್ನೂ ಓಡುತ್ತಲೇ ಇತ್ತು.

"ಗೊತ್ತಿಲ್ರಿ" ಎಂದೆ. ಆಮೇಲೆ ಮಾವನವರ ಕಡೆ ತಿರುಗಿ ಕೇಳಿದೆ: "ಅಪ್ಪ ಹ್ಯಾಂಗದಾನ್ರಿ ಮಾವಾರ?"

"ಗಟ್ಟಿ ಅದಾನ ತಗೋ. ಅವ್ವನೂ ಆರಾಮ ಅದಾಳ" ಎಂದರು.