ಗಾಣದೆತ್ತು ರಸ್ತೆ ಸವೆಸಿದ ಪ್ರಕರಣ

ನಂಜನಗೂಡಿನ ಪುಟ್ಟಬಸವಯ್ಯನ ಎಣ್ಣೆಗಾಣಕ್ಕೆ ಬೀಗ ಹಾಕಿದ್ದು ಅನ್ಯಾಯ. ಹಾಕಿಸಿದವರು ರಸ್ತೆ ಸವಕಲು ಇಲಾಖೆಯವರು. ತಾತನ ಕಾಲದಿಂದ ಊರಿಗೆ ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ ಕೊಟ್ಟ ಗಾಣ ಅದು. ಅದು ಮಾಡಿದ ತಪ್ಪೇನೆಂದರೆ, ಅದರ ಎತ್ತು ನಡೆಯುತ್ತಿತ್ತು.

ರಸ್ತೆ ಮಾಡುವುದು ಈ ಇಲಾಖೆಯ ಕೆಲಸವಲ್ಲ. ಇರುವ ರಸ್ತೆ ಸವೆಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಅದರ ಹೊಸ ನಿಯಮ ಹೀಗಿತ್ತು: “ಹಗಲೊಂದರಲ್ಲಿ ಎರಡು ಹರದಾರಿ ಮೀರಿ ನಡೆಯುವ ಜಾನುವಾರನ್ನು ಪ್ರಯಾಣಿಕ ಜಾನುವಾರೆಂದು ಭಾವಿಸತಕ್ಕದ್ದು. ಅದು ರಹದಾರಿ ಇಲ್ಲದೆ ಪ್ರಯಾಣಿಸಿದಲ್ಲಿ, ಅದು ದುಡಿಯುವ ಸ್ಥಳವನ್ನು ಮುಚ್ಚತಕ್ಕದ್ದು.”

ತನ್ನ ಎತ್ತು ಬೊಮ್ಮ ನಡೆಯುವುದು ಗಾಣದ ಸುತ್ತ, ಸೂರಿನ ಕೆಳಗೆ, ರಸ್ತೆಗೆ ಕಾಲೇ ಇಡುವುದಿಲ್ಲ ಎಂದು ಪುಟ್ಟಬಸವಯ್ಯ ಹೇಳಿದ. ನಡೆಯುವುದೆಂದರೆ ನೆಟ್ಟಗೇ ನಡೆಯಬೇಕೆಂದು ನಿಯಮದಲ್ಲಿ ಎಲ್ಲಿಯೂ ಇಲ್ಲವೆಂದು ಇಲಾಖೆಯ ಇನ್‌ಸ್ಪೆಕ್ಟರು ತಿಳಿಸಿದರು. ಹಾಗಾದರೆ ರಹದಾರಿಯನ್ನಾದರೂ ಕೊಡಿ ಎಂದ ಪುಟ್ಟಬಸವಯ್ಯ. ರಹದಾರಿಯಲ್ಲಿ ಎಲ್ಲಿಂದ ಎಲ್ಲಿಗೆ ಎಂದು ಬರೆಯಬೇಕು, ನಿನ್ನ ಎತ್ತು ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ಅವರು ಕನಿಕರದಿಂದಲೇ ಹೇಳಿದರು.

ಅದೇ ವಾರ ಇನ್‌ಸ್ಪೆಕ್ಟರ ಬಾಮೈದ ಚಿಕ್ಕಸ್ವಾಮಿ ಪೇಟೆಯಲ್ಲಿ ಸೀಮೆಎಣ್ಣೆ ಅಂಗಡಿ ತೆರೆದ. ಇದಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು, ಯಾರೂ ಕೇಳದಿದ್ದರೂ, ಇಲಾಖೆ ಡಂಗುರ ಹೊಡೆಸಿತು.

ಬೀಗ ತೆಗೆಸಲು ಇದ್ದದ್ದು ಒಂದೇ ದಾರಿ. ತಿರುಮಕೂಡಲು ನರಸೀಪುರದಲ್ಲಿ ಕ್ಯಾಂಪು ಮಾಡಿದ್ದ ಇಲಾಖೆಯ ಸಾಹೇಬರ ಮುಂದೆ ಎತ್ತನ್ನು ಖುದ್ದು ಹಾಜರುಪಡಿಸಿ, ಅದು ಎಲ್ಲಿಗೂ ಹೋಗುವ ಎತ್ತಲ್ಲವೆಂದು ರುಜುವಾತು ಮಾಡಬೇಕು. ಅಮಾವಾಸ್ಯೆಯೊಳಗೆ ಆಗದಿದ್ದರೆ ಗಾಣ ಕಿತ್ತು ಜಾಗ ಹರಾಜು. ಬೇರೆ ಎತ್ತನ್ನು ತೋರಿಸಿ ಮೋಸ ಮಾಡದಿರಲೆಂದು ಬೊಮ್ಮನ ಕೊಂಬಿಗೆ ಅರಗಿನ ಮೊಹರು ಒತ್ತಿದರು. ಮೊಹರಿನ ಕಾವಲಿಗೆ ಜವಾನ ರಂಗನಾಯಕನನ್ನು ಜೊತೆಗೆ ಕಳಿಸಿದರು. ಗಾಣಕ್ಕೆ ಬೀಗ ಜಡಿದವನೂ ಅವನೇ. ಅವನೂ ಪುಟ್ಟಬಸವಯ್ಯನೂ ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವರು.

“ನಮ್ಮವ್ವ ಮುದ್ದಮ್ಮ ನಿಂಗೆ ಎಷ್ಟು ದಪ ಉಣ್ಣಕ್ಕಿಕ್ಕವ್ಳೆ ಕಣ್ಲಾ ರಂಗ. ಉಂಡ ಕೈಲೇ ಬೀಗ ಜಡ್ದಲ್ಲ,” ಎಂದ ಪುಟ್ಟಬಸವಯ್ಯ, ಊರು ಬಿಡುವಾಗ.

“ಉಂಡೋನು ನಾನು. ಜಡ್ದದ್ದು ಸರ್ಕಾರ,” ಎಂದ ರಂಗನಾಯಕ.

ಊರ ಗಡಿ ದಾಟುವುದರೊಳಗೆ ನಿಜವಾದ ತೊಂದರೆ ಗೊತ್ತಾಯಿತು. ಗಾಣಕ್ಕೆ ಕಟ್ಟಿದಂದಿನಿಂದ ಬೊಮ್ಮ ನೆಟ್ಟಗೆ ನಡೆದೇ ಇರಲಿಲ್ಲ. ಕಣ್ಣುಪಟ್ಟಿ ಬಿಚ್ಚಿದರೆ ಮುಂದೆ ಚಾಚಿದ ರಸ್ತೆ ನೋಡಿ ಹೆದರಿ ಕೂತುಬಿಡುತ್ತಿತ್ತು. ಕಟ್ಟಿದರೆ ಎದ್ದು ಪಕ್ಕದ ಹುಣಸೆಮರಕ್ಕೆ ಸುತ್ತು ಹಾಕುತ್ತಿತ್ತು. ಅದೂ ಗಾಣ ಕಿರುಗುಟ್ಟಿದಂಥ ಸದ್ದು ಕಿವಿಗೆ ಬಿದ್ದರೆ ಮಾತ್ರ. ಸದ್ದು ನಿಂತರೆ ಎಣ್ಣೆ ಇಳಿಯಿತೆಂದುಕೊಂಡು ಅದೂ ನಿಲ್ಲುತ್ತಿತ್ತು.

ಪುಟ್ಟಬಸವಯ್ಯ ಮರವನ್ನು ನೋಡಿದ, ಎತ್ತನ್ನು ನೋಡಿದ, ಆಮೇಲೆ ರಂಗನಾಯಕನನ್ನು ನೋಡಿದ.

“ನೀ ಗಾಣ ಆಗ್ಲಾ.”

“ಏನಂದೆ?”

“ಎತ್ತಿನ ಅಗ್ಗ ಸೊಂಟಕ್ಕೆ ಕಟ್ಕ. ಬಾಯಲ್ಲಿ ಕಿರ್ರೋ ಅನ್ನು. ಅದು ನಿನ್ ಸುತ್ತ ಸುತ್ತುತದೆ, ನೀನು ಮೆತ್ತಗೆ ಮುಂದಕ್ಕೆ ಸರೀತಾ ಓಗು.”

“ಲೇ, ನಾನು ಸರ್ಕಾರಿ ನೌಕರ ಕಣೋ!”

“ಅದ್ಕೇ ಯೇಳಿದ್ದು. ಕೆಲ್ಸ ಆಗ್ದಿದ್ರೂ ಸದ್ದು ಮಾಡೋದು ನಿಮ್ಗೆ ರೂಢಿ.”

ಹೀಗೆ ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಹೊತ್ತ ಜವಾನನೊಬ್ಬ ನರಸೀಪುರದ ರಸ್ತೆಯಲ್ಲಿ ಗಾಣವಾದ. ಅವನ ಸುತ್ತ ಎತ್ತು, ಎತ್ತಿನ ಹಿಂದೆ ಗಾಣಿಗ. ಬುಗುರಿ ಉರುಳಿದ ಹಾಗೆ ಮೆರವಣಿಗೆ ಮುಂದೆ ಹೋಯಿತು. ಬಿಸಿಲಿಗೆ ಅರಗು ಕರಗತೊಡಗಿದಾಗ ರಂಗನಾಯಕ ತನ್ನ ರುಮಾಲನ್ನೇ ಬಿಚ್ಚಿ ಒದ್ದೆ ಮಾಡಿ ಎತ್ತಿನ ಕೊಂಬಿಗೆ ಸುತ್ತಿದ. ಎದುರಿಗೆ ಬಂದ ಗಾಡಿಯವರು ಸರ್ಕಾರಿ ರುಮಾಲಿಗೆ ಗೌರವ ಕೊಟ್ಟು ಪಕ್ಕಕ್ಕೆ ಸರಿದರು.

ತಾಯೂರಿನ ಹತ್ತಿರ ಮಂಗಳಮ್ಮನೆಂಬ ಮುದುಕಿ ಕಳೆ ಕೀಳುವುದನ್ನು ಬಿಟ್ಟು ಬದುವಿನ ಮೇಲೆ ಬಂದು ನಿಂತಳು.

“ಯಾರಿಗ್ರಪ್ಪ ದೆವ್ವ ಬಂದಿರದು? ಎತ್ತಿಗೋ, ಮನ್ಸಂಗೋ?”

“ಸರ್ಕಾರಕ್ಕೆ ಕಣವ್ವ,” ಎಂದ ಪುಟ್ಟಬಸವಯ್ಯ.

“ಅಯ್, ಅದು ಬುಡೋ ದೆವ್ವ ಅಲ್ಲ ಬುಡು,” ಎಂದು ಅವಳು ತನ್ನ ಬುತ್ತಿಯ ಮುದ್ದೆ, ಸೊಪ್ಪಿನ ಸಾರನ್ನು ಅವರಿಗೆ ಕೊಟ್ಟಳು.

ಸದ್ದು ನಿಂತರೆ ಎತ್ತು ಮತ್ತೆ ಹೊರಡುತ್ತದೆಂಬ ಭರವಸೆ ಇರಲಿಲ್ಲ. ರಂಗನಾಯಕ ಕಿರ್ರೋ ಎನ್ನುತ್ತಲೇ ಇದ್ದ, ಪುಟ್ಟಬಸವಯ್ಯ ಅವನ ಜೊತೆ ಸುತ್ತುತ್ತಾ ಮುದ್ದೆ ಮುರಿದು ಸಾರಿಗೆ ಅದ್ದಿ ಅವನ ಬಾಯಿಗಿಟ್ಟ. ಎರಡು ತುತ್ತಿನ ನಡುವೆ ರಂಗನಾಯಕ ಕಿರುಗುಟ್ಟುವ ದನಿಯಲ್ಲೇ ಕೇಳಿದ.

“ಬಸ್ವಯ್ಯ, ಬೀಗದ ಕೈ ನನ್ ತಾವೇ ಅದೆ. ಕೊಟ್ಬುಡ್ಲಾ?”

“ನಿನ್ ಕೆಲ್ಸ?”

“ಓಯ್ತದೆ.”

“ಮಡಿಕ್ಕ. ಕಾಯ್ದೆ ಪ್ರಕಾರವೇ ತಗೆಸ್ಕತೀನಿ.”

ಪುಟ್ಟಬಸವಯ್ಯನ ಕಡೆಯಿಂದ ಏನಾದರೂ ತಪ್ಪು ನಡೆದಿದ್ದರೆ ಅದು ಇದೊಂದೇ.

ನರಸೀಪುರದಲ್ಲಿ ಹೊಳೆಯ ದಂಡೆಯ ಮೇಲೆ ಸಾಹೇಬರ ಡೇರೆ ಇತ್ತು. ಸಾಹೇಬರು ಎಳನೀರು ಕುಡಿದು ಮುಗಿಸಿ ಎತ್ತನ್ನು ಕರೆಸಿದರು. ಮೊಹರು ನೋಡಿದರು. ಸರಿಯಾಗಿತ್ತು.

“ಈ ಎತ್ತು ನಂಜನಗೂಡಿನದೋ?”

“ಊಂ ಬುದ್ಧಿ.”

“ಇಲ್ಲಿಗೆ ಹೇಗೆ ಬಂತು?”

“ನಡ್ಕೊಂಡು ಬುದ್ಧಿ.”

“ಹಾಗಿದ್ದರೆ ವಿಚಾರಣೆ ಮುಗಿಯಿತು,” ಎಂದರು ಸಾಹೇಬರು. “ಎಲ್ಲಿಗೂ ಹೋಗದ ಎತ್ತು ನರಸೀಪುರಕ್ಕೆ ಬರುವುದಿಲ್ಲ.”

ಪುಟ್ಟಬಸವಯ್ಯ ಕೈಮುಗಿದ. “ಬುದ್ಧಿ, ತಮ್ಮ ಇಲಾಖೆಯೋರೇ ಕರ್ಕೊಂಡ್ ಬಾ ಅಂದದ್ದು. ತರ್ದೆ ಇದ್ದಿದ್ರೆ?”

“ಗೈರುಹಾಜರಿ. ಆಗಲೂ ಜಾಗ ಹರಾಜು.”

“ನಮ್ಮಪ್ಪ, ನಮ್ಮ ತಾತ ಎಲ್ಲಾ ಅದ್ರಲ್ಲೇ ಬದುಕಿದ್ದು ಬುದ್ಧಿ. ನಂಗೆ ಬ್ಯಾರೆ ಕಸುಬು ಬರಕಿಲ್ಲ.”

“ಅದು ಈ ಇಲಾಖೆಗೆ ಸೇರಿದ ವಿಷಯವಲ್ಲ.”

ಗೆಳೆಯನ ಮುಖ ನೋಡಲಾಗದೆ ರಂಗನಾಯಕ ಬಾಯಿ ಹಾಕಿದ. ದಾರಿಯುದ್ದಕ್ಕೂ ಕಿರ್ರೋ ಎಂದಿದ್ದರಿಂದ ಅವನ ಮಾತೂ ಕಿರುಗುಟ್ಟುತ್ತಿತ್ತು. “ಸ್ವಾಮಿ, ಎತ್ತು ನಡೆದ್ರೆ ರಸ್ತೆ ಸವೀತದೆ, ಒಪ್ಕಂಡೆ. ಮನ್ಸ ನಡೆದ್ರೆ?”

ಸಾಹೇಬರು ನಿಯಮದ ಪುಸ್ತಕ ತಿರುವಿದರು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಅವರಿಗೆ ಖುಷಿಯೇ ಆಯಿತು.

“ಮನುಷ್ಯ ನಡೆದರೆ ರಸ್ತೆ ಸವೆಯುವುದಿಲ್ಲ, ಮನುಷ್ಯ ಸವೆಯುತ್ತಾನೆ. ಅದಕ್ಕೆ ಇಲಾಖೆಯ ಆಕ್ಷೇಪಣೆ ಇಲ್ಲ.”

ಅಲ್ಲಿಯೇ ಹುಕುಮು ಆಯಿತು. ಗಾಣ ತೆರೆಯಬಹುದು. ಅದನ್ನು ಮನುಷ್ಯರೇ ಎಳೆಯತಕ್ಕದ್ದು. ಎತ್ತು ನಡೆಯುತ್ತಿಲ್ಲವೆಂಬುದು ಬೀದಿಗೆ ಕಾಣುವಂತೆ ಅದನ್ನು ಬಾಗಿಲಲ್ಲಿ ನೆರಳಿಗೆ ಕಟ್ಟತಕ್ಕದ್ದು. ಅದು ನಿಂತೇ ಇದೆಯೆಂದು ದಿನವೂ ನೋಡಲು ರಂಗನಾಯಕನನ್ನು ನೇಮಿಸತಕ್ಕದ್ದು.

ಬೊಮ್ಮನನ್ನು ಮತ್ತೆ ಸುತ್ತಿಸುತ್ತಾ ಊರಿಗೆ ತಂದರು. ಈ ಸಲ ಗಾಣವಾದವನು ಪುಟ್ಟಬಸವಯ್ಯ.

ಈಗ ಎಲ್ಲವೂ ಸರಿಯಾಗಿ ನಡೆಯುತ್ತಿದೆ. ಬೆಳಗಾದರೆ ಪುಟ್ಟಬಸವಯ್ಯ ನೊಗಕ್ಕೆ ಹೆಗಲು ಕೊಡುತ್ತಾನೆ. ಎತ್ತು ನಿಂತಿರುವುದನ್ನು ನೋಡಿಕೊಂಡು ರಂಗನಾಯಕ ಬಿಲ್ಲೆ ಬಿಚ್ಚಿಟ್ಟು, ಮಾತಾಡದೆ ಇನ್ನೊಂದು ಹೆಗಲು ಕೊಡುತ್ತಾನೆ. ಮುದ್ದಮ್ಮ ರೂಢಿಯಂತೆ ಹಿಂಡಿಯನ್ನು ಎತ್ತಿನ ಮುಂದಿಡುತ್ತಾಳೆ. “ನಮ್ಗೂ ಒಸಿ ಮಡಗವ್ವಾ, ಎಳೀತಿರೋರು ನಾವು,” ಎಂದು ಮಗ ಕೂಗಿದರೆ, “ಅದು ಸರ್ಕಾರದ ಎತ್ತು ಕಣಪ್ಪ, ನೀನು ಮನೆ ಮಗ,” ಎನ್ನುತ್ತಾಳೆ.

ಊರಿನವರೂ ಒಗ್ಗಿಕೊಂಡಿದ್ದಾರೆ. ಎತ್ತು ಎಳೆದ ಎಣ್ಣೆಗಿಂತ ಮನುಷ್ಯ ಎಳೆದ ಎಣ್ಣೆ ತಿಳಿಯಾಗಿದೆ ಎನ್ನುತ್ತಾರೆ. ಇನ್‌ಸ್ಪೆಕ್ಟರ ಮನೆಗೂ ಅದೇ ಹೋಗುತ್ತದೆ. ಚಿಕ್ಕಸ್ವಾಮಿ ಕೂಡ ಸಾರಿನ ಒಗ್ಗರಣೆಗೆ ಸೀಮೆಎಣ್ಣೆ ಹಾಕಲಾಗದೆ ಅಲ್ಲಿಗೇ ಬರುತ್ತಾನೆ. ಬೇರೆ ಊರುಗಳ ಗಾಣಿಗರು ಬಂದು ನೊಗದ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಇದು ಅನ್ಯಾಯವೆಂದು ಯಾರೂ ಹೇಳುತ್ತಿಲ್ಲ, ಎಳೆಯುವವರೂ ಹೇಳುತ್ತಿಲ್ಲ. ಅವರಿಗೆ ಉಸಿರಿಲ್ಲ.

ಓದುವವರೇ, ನಿಮಗೆ ಉಸಿರಿದೆ. ನಕ್ಕದ್ದು ಸಾಕು. ನಾಳೆ ಬೆಳಿಗ್ಗೆ ಗಾಣದ ಬೀದಿಗೆ ಬನ್ನಿ, ಆ ಇಬ್ಬರ ಹೆಗಲ ಮೇಲಿನ ನೊಗ ಇಳಿಸಿ. ಯಾರ ಅಪ್ಪಣೆ ಎಂದು ಇಲಾಖೆಯವರು ಕೇಳಿದರೆ ನಿಮ್ಮ ಹೆಸರನ್ನೇ ಹೇಳಿ.